ಏಳನೆಯ ಮರಿ

ಗುಂಡಿ ಒತ್ತಿ ಆಡುವ ಇಂಥ ಆಟಗಳನ್ನು ಕೈಯಲ್ಲಿ ಹಿಡಿದು ಆಡಿದವರು ಇದನ್ನು ಹೇಳಬೇಕಿತ್ತು. ಕೇಳಿ ತಿಳಿದಷ್ಟರಲ್ಲೇ ಹೇಳುವ ಧೈರ್ಯ ಮಾಡಿದ್ದೇನೆ, ಕ್ಷಮಿಸಬೇಕು. ಗುಂಡಿಗಳ ವಿಷಯದಲ್ಲಿ ತಪ್ಪಿದ್ದರೆ ಅದು ನನ್ನದು, ಅಮೃತಳದ್ದಲ್ಲ.

ಅಮೃತ ನಿರ್ಣಾ ಊರಿನ ಕಡೆ ಕುರಿ ಕಾಯುವವಳು. ಮಗಳು ಸೋನಾಲಿಯ ಮುರಿದ ಬಲಗೈಗೆ ಬಸವಕಲ್ಯಾಣದಲ್ಲಿ ಹೊಸ ಪಟ್ಟಿ ಹಾಕಿಸಿ ಹುಮನಾಬಾದ ಬಸ್ಸು ಹತ್ತಿದಾಗ ಮಧ್ಯಾಹ್ನ ಮೂರೂವರೆ. ಸೋನಾಲಿಯ ತೊಡೆಯ ಮೇಲೆ ಅಂಗೈಯಗಲದ ಆಟದ ಯಂತ್ರವಿತ್ತು. ಅಮೃತಳ ಅಣ್ಣನ ಮಗ ಅಶೋಕಕುಮಾರ ಗೆಳೆಯನಿಂದ ಇಸಕೊಂಡು ಕೊಟ್ಟದ್ದು. ಗೆಳೆಯ ಅಂದೇ ಹೈದರಾಬಾದಿಗೆ ಹೊರಟಿದ್ದ. ಹುಮನಾಬಾದದಲ್ಲಿ ಇಳಿದ ಕೂಡಲೇ ಒಪ್ಪಿಸಬೇಕಿತ್ತು.

ಎರಡು ತಿಂಗಳ ಹಿಂದೆ ಶಾಲೆಯ ಗೋಡೆಯ ಮೇಲೆ ಒಂದು ಕಾರ್ಟೂನ್ ಸಿನಿಮಾ ತೋರಿಸಿದ್ದರು. ಗಂಟೆ ಕಟ್ಟಿದ ಕುರಿಮರಿಯೊಂದು ಬೇರೆ ಆರು ಮರಿಗಳನ್ನು ಕರೆದುಕೊಂಡು ತಾಯಿಯನ್ನು ಹುಡುಕುತ್ತದೆ. ಅವು ಹೊಳೆ ದಾಟುವಾಗ ಕರೆಂಟು ಹೋಯಿತು. ತಾಯಿ ಸಿಕ್ಕಳೋ ಇಲ್ಲವೋ ಎಂದು ಸೋನಾಲಿ ಅಂದಿನಿಂದ ಕೇಳುತ್ತಲೇ ಇದ್ದಳು. ಆ ಸಿನಿಮಾದಿಂದಲೇ ಮಾಡಿದ ಆಟ ಇದು. ಹೊಳೆ ದಾಟಿದರೆ ಕೊನೆ ಕಾಣುತ್ತದಂತೆ. ಎಡಗೈಯ ಗುಂಡಿ ನಡೆಸುವುದಕ್ಕೆ, ಬಲಗೈಯದು ಜಿಗಿಸುವುದಕ್ಕೆ. ಬಲಗೈಗೆ ಪಟ್ಟಿ ಇದ್ದದ್ದರಿಂದ ಯಂತ್ರ ಅಮೃತಳ ಕೈಗೆ ಬಂತು.

ಅವಳು ಬೇಗ ಕಲಿತಳು. ಗಂಟೆಮರಿ ಹೊಳೆಯಲ್ಲಿ ಮರದ ದಿಮ್ಮಿಯಿಂದ ದಿಮ್ಮಿಗೆ ಜಿಗಿಯಿತು, ಉಳಿದವು ಬೆನ್ನು ಹತ್ತಿದವು. ನಾಲ್ಕನೇ ದಿಮ್ಮಿಯ ಮೇಲೆ ಅಮೃತ ನಿಂತುಬಿಟ್ಟಳು.

"ಯಾಕ ನಿಂತಿ ಅವ್ವ?"

"ಒಂದು ಬಂದಿಲ್ಲ. ಕುಂಟಮರಿ ದಂಡ್ಯಾಗೇ ಅದ."

"ಅದನ್ನ ಬಿಡು, ಓಡು. ನೀರು ಏರಾಕತ್ತದ."

ಅಮೃತ ಗಂಟೆಮರಿಯನ್ನು ಹಿಂದಕ್ಕೆ ತಿರುಗಿಸಿದಳು. ನೀರು ಎಲ್ಲವನ್ನೂ ನುಂಗಿತು. ಮತ್ತೆ ಮೊದಲಿನಿಂದ.

ಹಳ್ಳ ದಾಟುವಾಗ ಕಾಯುವವರು ಎಲ್ಲಕ್ಕಿಂತ ಕೊನೆಗೆ ದಾಟಬೇಕು ಎಂದು ಅತ್ತೆ ಸಖುಬಾಯಿ ಕಲಿಸಿದ್ದಳು. ಹದಿನೇಳು ವರ್ಷ ಅಮೃತ ಹಾಗೇ ದಾಟಿದ್ದಳು. ಓಡಬೇಕೆಂದು ಗಟ್ಟಿಮನಸ್ಸು ಮಾಡಿದರೂ ನಾಲ್ಕನೇ ದಿಮ್ಮಿ ಬಂದೊಡನೆ ಹೆಬ್ಬೆರಳು ಹಿಂದಕ್ಕೇ ಒತ್ತುತ್ತಿತ್ತು. ಐದು ಸಲ ಮರಿಗಳು ಮುಳುಗಿದವು.

"ತಂಗಿ, ಆ ಕುಂಟನ್ನ ಸಂತ್ಯಾಗ ಮಾರಿಬಿಡು, ದಾಟತಿ," ಅಂದ ಹಿಂದಿನ ಸೀಟಿನ ಮುದುಕ ಸಂಗಪ್ಪ.

"ನೀವು ಸುಮ್ಮ ಕೂಡ್ರಿ ಕಾಕಾ."

"ಅದು ಬರೇ ಚಿತ್ರ ಅವ್ವ," ಅಂದಳು ಸೋನಾಲಿ. "ಚಿತ್ರ ಸಾಯಂಗಿಲ್ಲ."

"ಚಿತ್ರ ಆದ್ರ ಕುಂಟಾಕತ್ತದ ಯಾಕ?"

ಹುಮನಾಬಾದದ ಅಂಗಡಿಗಳು ಕಿಟಕಿಯಲ್ಲಿ ಶುರುವಾದವು. ಸೋನಾಲಿ ತಾಯಿಯ ಎಡಗೈ ಸರಿಸಿ ತನ್ನದನ್ನು ಇಟ್ಟಳು. "ನಡಸೋದು ನಾನು. ನೀ ಬರೇ ಜಿಗಿಸು."

ನಾಲ್ಕನೇ ದಿಮ್ಮಿ ಹೋಯಿತು, ಐದನೆಯದು, ಆರನೆಯದು. ಅಮೃತ ಹಲ್ಲು ಕಚ್ಚಿ ಗುಂಡಿ ಒತ್ತಿದಳು, ಹಿಂದಿನ ದಂಡೆಯನ್ನು ನೋಡಲಿಲ್ಲ. ಆಚೆ ದಂಡೆ ಮುಟ್ಟಿದರು. ಅಲ್ಲೊಂದು ಮುಚ್ಚಿದ ಬಾಗಿಲು. ಅದರ ಮೇಲೆ ಏಳು ಮರಿಗಳ ಚಿತ್ರ. ಆರು ಬೆಳಗಿದವು, ಒಂದು ಕಪ್ಪಾಗೇ ಉಳಿಯಿತು. ಬಾಗಿಲು ತೆರೆಯಲಿಲ್ಲ.

"ಏಳೂ ಬೇಕಂತ," ಅಂದಳು ಸೋನಾಲಿ.

ಅಮೃತಳಿಗೆ ತನ್ನ ಮಾತು ಗೆದ್ದಿತೆಂಬ ಖುಷಿ ಆಗಲಿಲ್ಲ. ಮೈಯೆಲ್ಲ ಉರಿಯಿತು. "ನಿಂತ್ರ ಮುಳುಗಸ್ತದ. ಓಡಿದ್ರ ಬಾಗಿಲ ತಗಿಯಂಗಿಲ್ಲ. ಇದನ್ನ ಮಾಡಿದಾವ ಯಾವಾಗರೆ ಕುರಿ ಕಾದಾನೇನು?"

ಬಸ್ಸು ನಿಂತಿತು. ಕೆಳಗೆ ಅಶೋಕಕುಮಾರ ಕೈ ಚಾಚಿಕೊಂಡೇ ಇದ್ದ. "ಅತ್ತಿ, ಲಗೂನ ಕೊಡ್ರಿ, ಅವನ ಬಸ್ಸು ಬಿಡಾಕತ್ತದ. ಹೊಳಿ ದಾಟಿದ್ರೇನ್ರಿ?"

"ಆರು ದಾಟ್ಯಾವ," ಎಂದು ಅಮೃತ ಯಂತ್ರ ಕೊಟ್ಟಳು.

ಊರಿಗೆ ಹೋಗಲು ಚಿಟಗುಪ್ಪದ ಬಸ್ಸಿಗೆ ಕಾಯುವಾಗ ಸೋನಾಲಿ ಹೈದರಾಬಾದಿನ ಬಸ್ಸು ಹೋದ ಕಡೆ ನೋಡುತ್ತಿದ್ದಳು. ಕುಂಟಮರಿಯನ್ನು ದಾಟಿಸುವ ದಾರಿ ಆ ಆಟದೊಳಗೆ ಇತ್ತೋ ಇಲ್ಲವೋ, ಬಾಗಿಲ ಹಿಂದೆ ತಾಯಿ ಇದ್ದಳೋ ಇಲ್ಲವೋ, ಆಮೇಲೆ ನಾನೇ ಅಶೋಕಕುಮಾರನನ್ನು ಕೇಳಿದೆ, ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.