ಆವನಿ ಬಂಡೆಗೊಂದು ಆಸರೆ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೊರಟ ಸಂಜೆಯ ರೈಲಿನಲ್ಲಿ ಬೆಟ್ಟದ ಮಾತು ಎತ್ತಿದವಳು ಬಿಂದುಶ್ರೀ. ಮಾಲೂರಿನ ಬಟ್ಟೆ ಕಾರ್ಖಾನೆಯಲ್ಲಿ ಇಡೀ ದಿನ ಅಂಗಿಯ ಕಾಲರು ಹೊಲಿದು ಅವಳ ಕತ್ತು ಮರಗಟ್ಟಿತ್ತು.

"ವಾರವೆಲ್ಲ ತಲೆ ಬಗ್ಗಿಸಿದ್ದೇ ಆಯ್ತು. ಈ ಭಾನುವಾರ ತಲೆ ಎತ್ತಿ ನೋಡೋ ಅಂಥ ಜಾಗಕ್ಕೆ ಹೋಗೋಣ. ಬೆಳಿಗ್ಗೆ ಹತ್ತಿ, ಸಂಜೆಗೆ ಇಳಿಯೋದು."

ಎದುರು ಸೀಟಿನಲ್ಲಿ ಮೊಸರಿನ ಕ್ಯಾನು ಕಾಲ ನಡುವೆ ಇಟ್ಟುಕೊಂಡಿದ್ದ ಅಶ್ವತ್ಥಮ್ಮ ನಕ್ಕಳು. ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಹಸು ಕಟ್ಟಿ, ಲೈನು ಎಂದು ಕರೆಯುವ ಗಣಿಯವರ ಸಾಲುಮನೆಗಳಿಗೆ ಮೊಸರು ಹಾಕುವವಳು. ದಪ್ಪ ಆಳು, ದೊಡ್ಡ ಗಂಟಲು.

"ನಂಗೂ ಆಸೆ ಐತೆ ಕಣಮ್ಮಾ. ಆದ್ರೆ ನಾನು ಅತ್ತೋ ಅಷ್ಟ್ರಲ್ಲಿ ಬೆಟ್ಟನೇ ಸುಸ್ತಾಗಿ ಕುಂತ್ಕೊಂಡಾತು."

ಮೂರನೆಯವಳು ಶಶಿರೇಖ. ಗಂಡನ ಕಾರ್ಖಾನೆ ಕೆಲಸದ ಬೆನ್ನು ಹತ್ತಿ ಧಾರವಾಡದಿಂದ ಬಂದು, ಈಗ ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರು. ಫೋನಿನಲ್ಲಿ ಬೆಟ್ಟಗಳ ಚಿತ್ರ ತೆಗೆದು ತೋರಿಸಿದಳು. "ಅಂತರಗಂಗಿಗೆ ಹೋಗೂಣೇನ್ರೀ? ತಲಿಗೆ ಲೈಟ್ ಕಟ್ಕೊಂಡು ಗುಹಿಯೊಳಗ ತೆವಳಿಸ್ತಾರಂತ. ಬೆಂಗಳೂರಿನ ಹುಡುಗರು ರೊಕ್ಕ ಕೊಟ್ಟು ಬರ್ತಾರ."

ಬಿಂದುಶ್ರೀಯ ಮುಖ ಬಿಗಿಯಿತು. "ತಲೆಗೆ ಲೈಟು ಕಟ್ಕೊಂಡು ಕತ್ತಲಲ್ಲಿ ತೆವಳೋದು ನಮ್ಮಪ್ಪ ಜನ್ಮಕ್ಕಾಗುವಷ್ಟು ಮಾಡಿದಾನೆ ಮೇಡಂ. ಅದು ಮಜಾ ಅಂತ ನಮಗ್ಯಾರೂ ಹೇಳಿರಲಿಲ್ಲ."

"ಅಯ್ಯ, ನಾ ಹಂಗ ಅಂದಿಲ್ಲವ್ವಾ..."

"ಆವನಿ ಬೆಟ್ಟಕ್ಕೆ ಓಗಾನ ಬಿಡ್ರಮ್ಮ," ಎಂದು ಅಶ್ವತ್ಥಮ್ಮ ನಡುವೆ ಬಾಯಿ ಹಾಕಿದಳು. "ಬಸುರಿ ಎಂಗಸನ್ನ ಗಂಡ ಕಾಡಿಗಟ್ಟಿದಾಗ ಸೇರಿಸ್ಕೊಂಡ ಬೆಟ್ಟ ಅದು. ನಮ್ಮಂತೋರನ್ನ ಬ್ಯಾಡ ಅಂತದಾ?"

ಹಾಗೆ ತೀರ್ಮಾನವಾಯಿತು. ಭಾನುವಾರ ನಸುಕಿಗೇ ಟೆಂಪೋ. ಬೇತಮಂಗಲದ ಮೇಲೆ ಆವನಿ. ಬಿಸಿಲೇರುವ ಮುಂಚೆ ತುದಿ, ಅಲ್ಲೇ ಬುತ್ತಿ.

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲೈನುಮನೆಯಲ್ಲಿ ಬಿಂದುಶ್ರೀ ಇದನ್ನು ಹೇಳಿದಾಗ ಅವಳ ಅಪ್ಪ ವೇಣುಗೋಪಾಲ್ ಊಟದ ತಟ್ಟೆಯಿಂದ ಕೈ ತೆಗೆದ.

"ಆವನಿನಾ? ಮೇಲೆ ಆ ಎರಡು ಬಂಡೆ ಸಂದೀಲಿ ನುಗ್ಗಬೇಕಲ್ಲ, ಕಣ್ಣು?" ಮುದ್ದಿಗೆ ಮಗಳನ್ನು ಅವನು ಕರೆಯುವುದು 'ಕಣ್ಣು' ಎಂದೇ.

"ಅದೊಂದೇ ದಾರಿ ಅಂತಾರಪ್ಪಾ."

"ಬೇರೆ ದಾರಿ ಇಲ್ವಾ?"

"ಇದೆಯಂತೆ. ಮೇಕೆಗಳಿಗೆ."

ಅವನು ನಗಲಿಲ್ಲ. ವೇಣುಗೋಪಾಲ್ ಗಣಿಯಲ್ಲಿ ಟಿಂಬರ್‌ಮನ್ ಆಗಿದ್ದವನು. ಅದಿರು ತೆಗೆದ ಜಾಗ ಟೊಳ್ಳಾಗುತ್ತದಲ್ಲ, ಆ ಟೊಳ್ಳಿನ ಸೂರು ಕುಸಿಯದಂತೆ ಮರದ ಕಂಬ ನಿಲ್ಲಿಸಿ, ತುದಿಗೆ ಬೆಣೆ ಹೊಡೆದು ಬಿಗಿಮಾಡುವ ಕೆಲಸ. ಅವನು ಕಂಬ ಕೊಟ್ಟ ಮೇಲಷ್ಟೇ ಉಳಿದವರು ಒಳಗೆ ಕಾಲಿಡುತ್ತಿದ್ದರು. ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮುಂಚೆ ಒಂದು ಬರ್ಸ್ಟ್ ಆಯಿತು. ಒತ್ತಡ ತಾಳಲಾರದೆ ಆಳದ ಬಂಡೆ ಮದ್ದಿಟ್ಟಂತೆ ಸಿಡಿಯುವುದಕ್ಕೆ ಅಲ್ಲಿಯವರು ಹೇಳುವ ಹೆಸರು ಅದು. ವೇಣುಗೋಪಾಲ್ ಕಂಬ ಕೊಟ್ಟಿದ್ದ ಸೂರು ಕುಸಿದು, ಅದರ ಕೆಳಗಿದ್ದ ಸುಧಾಕರ್ ಎಂಬ ಅವನ ಜೊತೆಗಾರ ಸತ್ತ. ಕೆಳಗೆ ಒಮ್ಮೆಯೂ ಇಳಿಯದ ಯಾರೋ ಸಾಹೇಬ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು, "ಟಿಂಬರ್ ಸರಿಯಾಗಿ ಹೊಡೆದಿರಲಿಲ್ಲ" ಎಂದುಬಿಟ್ಟ. ಒಂದೇ ಮಾತು. ಭೂಮಿಯ ಹೊಟ್ಟೆಯನ್ನು ಅಷ್ಟು ಆಳಕ್ಕೆ ಬಗೆಯಲು ಹೇಳಿದವರು ಮೇಲೆಯೇ ಉಳಿದರು. ಸಿಡಿದ ಬಂಡೆಯ ಹೊಣೆ ಒಬ್ಬ ಕೂಲಿಯ ಸುತ್ತಿಗೆಯ ಮೇಲೆ ಬಿತ್ತು. ಆ ಮಾತನ್ನು ಬೇರೆ ಎಲ್ಲರೂ ಮರೆತರು. ವೇಣುಗೋಪಾಲ್ ನಂಬಿಬಿಟ್ಟ.

ಅಂದಿನಿಂದ ಅವನು ಯಾವ ಬಂಡೆಯ ಕೆಳಗೂ ಹೋದವನಲ್ಲ. ಈಗ ಮಗಳು, ಮಗಳ ಗೆಳತಿಯರು ಆ ಸಂದಿಗೆ ನುಗ್ಗುತ್ತಾರೆ.

"ನಾನೂ ಬರ್ತೀನಿ," ಎಂದ.

ಬಿಂದುಶ್ರೀಗೆ ಕಿವಿಯನ್ನೇ ನಂಬಲಾಗಲಿಲ್ಲ. ಅಪ್ಪ ಬರುತ್ತಾನೆಂಬ ಖುಷಿಯಲ್ಲಿ ಅವಳು ಇನ್ನೇನನ್ನೂ ಕೇಳಲಿಲ್ಲ. ಶನಿವಾರ ಅವನು ಇಡೀ ದಿನ ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಭುಜದ ಚರ್ಮ ಕಿತ್ತಿತ್ತು. "ಬಸ್ಸಲ್ಲಿ ನೂಕುನುಗ್ಗಲು," ಎಂದು ಕೊಬ್ಬರಿ ಎಣ್ಣೆ ಸವರಿಕೊಂಡ.

ಭಾನುವಾರ ಟೆಂಪೋ ಇಳಿದು ತಲೆ ಎತ್ತಿದಾಗ ಯಾರಿಗೂ ಮಾತು ಬರಲಿಲ್ಲ. ರೈಲಿನಲ್ಲಿ ಬಾಯಿಬಿಟ್ಟರೆ ನಿಲ್ಲಿಸದ ಅಶ್ವತ್ಥಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡಳು. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು. ಯಾರೋ ಆಡುತ್ತಾ ಪೇರಿಸಿ ಮನೆಗೆ ಹೋದಂತಿತ್ತು. ಒಂದೊಂದು ಬಂಡೆಯೂ ಒಂದು ಲೈನು ಮನೆಗಳಷ್ಟು ದೊಡ್ಡದು. ಅದರ ಅಂಚಿನಲ್ಲಿ ನಿಂತ ಮೇಕೆ ಇರುವೆಯಷ್ಟು ಕಾಣುತ್ತಿತ್ತು. ಸೂರ್ಯ ಇನ್ನೂ ಬೆಟ್ಟದ ಹಿಂದಿದ್ದ. ಬಂಡೆಗಳ ಅಂಚು ಮಾತ್ರ ಕಾಯಿಸಿದ ಕಬ್ಬಿಣದ ಹಾಗೆ ಕೆಂಪಾಗಿತ್ತು.

"ಯಪ್ಪಾ," ಎಂದಳು ಶಶಿರೇಖ. "ಫೋನಿನ್ಯಾಗ ಎಷ್ಟು ಸಣ್ಣದು ಕಂಡಿತ್ರೀ ಇದು."

ಮೆಟ್ಟಿಲು ಹತ್ತುತ್ತಾ ಹೋದರು. ಅಶ್ವತ್ಥಮ್ಮ ಮಂಟಪ ಕಂಡಲ್ಲೆಲ್ಲ ಕೂತಳು. ಕೂತಾಗಲೆಲ್ಲ ಬುತ್ತಿಯ ಗಂಟು ಹಗುರವಾಗಲಿ ಎಂದು ಒಂದೊಂದು ನಿಪ್ಪಟ್ಟು ತಿಂದಳು. ವೇಣುಗೋಪಾಲ್ ಮಾತ್ರ ಎಲ್ಲೂ ಕೂರಲಿಲ್ಲ. ಧೂಳು ಕುಡಿದ ಅವನ ಎದೆ ಶಿಳ್ಳೆ ಹೊಡೆಯುತ್ತಿತ್ತು. ಆದರೂ ಎಲ್ಲರಿಗಿಂತ ಮುಂದೆ ನಡೆದ.

ಸಂದು ಬಂತು. ಎರಡು ಮಹಾ ಬಂಡೆಗಳು ಹಣೆಗೆ ಹಣೆ ಕೊಟ್ಟು ನಿಂತಿದ್ದವು. ನಡುವೆ ಒಬ್ಬರು ಅಡ್ಡಡ್ಡ ಸರಿದು ಹೋಗುವಷ್ಟು ದಾರಿ. ಒಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ವೇಣುಗೋಪಾಲ್ ಪಕ್ಕಕ್ಕೆ ಸರಿದು ನಿಂತ. ಮೊದಲು ಒಳಹೊಕ್ಕ ಶಶಿರೇಖ ಅಲ್ಲಿಂದಲೇ ಕೂಗಿದಳು.

"ಇಲ್ಲೊಂದು ಕಂಬ ನಿಲ್ಲಿಸ್ಯಾರ್ರೀ! ನಾ ಹೆಂಗೋ ನುಸುಳಿ ಬಂದೆ."

ಅಶ್ವತ್ಥಮ್ಮ ನುಸುಳಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡಳು. ಬಿಂದುಶ್ರೀ ಅವಳನ್ನು ಹಿಂದಕ್ಕೆ ಎಳೆದು, ಫೋನಿನ ಬೆಳಕು ಬಿಟ್ಟು ನೋಡಿದಳು. ಹಸಿ ನೀಲಗಿರಿ ಕಂಬ. ಬುಡದಲ್ಲಿ ಹಲಗೆ. ತುದಿಗೆ ಎದುರುಬದುರು ಹೊಡೆದ ಜೋಡಿ ಬೆಣೆ. ಅಷ್ಟು ನೇರ, ಅಷ್ಟು ನೀಟು. ಈ ಕೈಕೆಲಸ ಯಾರದೆಂದು ಕೇಳಬೇಕಾಗಿರಲಿಲ್ಲ. ಬಸ್ಸಿನ ನೂಕುನುಗ್ಗಲು ಏನೆಂದೂ ಅವಳಿಗೆ ತಿಳಿಯಿತು.

"ಅಪ್ಪಾ."

"ಬಂಡೆ ಸುಮ್ನೆ ನಿಂತಿದೆ ಕಣ್ಣು. ಒಂದು ಆಸರೆನೂ ಇಲ್ಲ. ಇದರ ಕೆಳಗೆ ನಿಮ್ಮನ್ನ ಹೆಂಗೆ ಬಿಡಲಿ?"

"ಅದಕ್ಕೆ ನೀನು ಈ ಕಂಬ ಹೊತ್ಕೊಂಡು ಇಲ್ಲೀತನಕ ಬಂದ್ಯಾ?"

ಅಶ್ವತ್ಥಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ಏನಣ್ಣಾ ನೀನು, ಬಂಡೆ ಅಳತೆ ತಗಂಡೆ, ನನ್ನ ಒಟ್ಟೆ ಅಳತೆ ಬಿಟ್ಬಿಟ್ಟೆ! ಓಗ್ಲಿ, ನೀವು ಅತ್ತಿ ಬನ್ನಿ. ನಾನಿಲ್ಲೇ ಕುಂತಿರ್ತೀನಿ. ಬುತ್ತಿ ಮಾತ್ರ ಬಿಟ್ಟೋಗಿ." ನಗುತ್ತಲೇ ಅಂದಳು. ಆದರೆ ಅವಳ ಕಣ್ಣು ಸಂದಿನಾಚೆ ಕಾಣುವ ಬೆಳಕಿನ ಮೇಲೇ ಇತ್ತು.

"ಹೂಂ, ನೀನು ಇರಮ್ಮಾ ಇಲ್ಲೇ," ಎಂದ ವೇಣುಗೋಪಾಲ್.

"ಅವಳು ಯಾಕಿರಬೇಕು?" ಬಿಂದುಶ್ರೀಗೆ ಸಿಟ್ಟು ಬಂತು. "ಕಂಬ ತೆಗಿ ಅಪ್ಪಾ."

"ಏಯ್! ಹೊಡೆದ ಕಂಬ ತೆಗೆಯೋದು ಅಂದ್ರೆ ಏನು ಅಂತ ಗೊತ್ತಾ ನಿಂಗೆ? ತೆಗೆದವನ ಮೇಲೇ ಬೀಳೋದು ಅದು. ನಾನು ತೆಗಿಯಲ್ಲ. ಯಾರೂ ಮುಟ್ಟಬೇಡಿ!" ಅವನ ಕೂಗು ಬಂಡೆಯೊಳಗೆ ಸುತ್ತಿ ಹಿಂದಕ್ಕೆ ಬಂತು.

ಬಿಂದುಶ್ರೀ ಜಗಳ ಮುಂದುವರಿಸಲಿಲ್ಲ. ಅವನ ಕೈ ಹಿಡಿದು ನೆಲಕ್ಕೆ ಮುಟ್ಟಿಸಿದಳು. ಕಲ್ಲು ತಟ್ಟೆಯ ಹಾಗೆ ತಗ್ಗಾಗಿ, ಗಾಜಿನ ಹಾಗೆ ನುಣ್ಣಗಾಗಿತ್ತು.

"ಏನಪ್ಪಾ ಇದು?"

ಅವನು ಬೆರಳಾಡಿಸಿದ. "ಕಾಲು," ಎಂದ. "ಜನರ ಕಾಲು ಸವೆಸಿರೋದು."

"ಬರಿಗಾಲಲ್ಲಿ ಕಲ್ಲು ಇಷ್ಟು ಸವೀಬೇಕಾದ್ರೆ ಎಷ್ಟು ತಲೆಮಾರು ನಡೆದಿರಬೇಕು? ಹರಕೆ ಹೊತ್ತ ಹೆಂಗಸರು, ಕಂಕುಳಲ್ಲಿ ಕೂಸು ಇಟ್ಕೊಂಡವರು. ಅವರೆಲ್ಲ ದಾಟೋವಾಗ ನಿನ್ನ ಕಂಬ ಇತ್ತಾ?"

ಅವನು ಎದ್ದು ಬಂಡೆಗೆ ಕಿವಿ ಇಟ್ಟ. ಉಸಿರು ಬಿಗಿಹಿಡಿದ. ಆಳದ ಬಂಡೆ ಸಿಡಿಯುವ ಮುಂಚೆ ಚಿಟಿಚಿಟಿ ಎನ್ನುತ್ತದೆ, ಹಲ್ಲು ಕಡಿಯುತ್ತದೆ. ಅದನ್ನು ಕೇಳಿಸಿಕೊಂಡು ಓಡಿದವರು ಬದುಕಿದ್ದರು. ಈ ಬಂಡೆ ಏನೂ ಹೇಳಲಿಲ್ಲ. ಅದರ ಮೌನ ಎಷ್ಟು ದೊಡ್ಡದಾಗಿತ್ತೆಂದರೆ ಹೊರಗೆ ನಿಂತ ಹೆಂಗಸರಿಗೂ ಅದು ತಟ್ಟಿತು.

"ಎಲ್ಲಾ ಆಚೆ ಹೋಗಿ," ಎಂದ. "ದೂರ. ಇನ್ನೂ ದೂರ."

ಶಶಿರೇಖ ಆ ಬದಿಗೆ ಸರಿದಳು. ಬಿಂದುಶ್ರೀ ಮತ್ತು ಅಶ್ವತ್ಥಮ್ಮ ಈ ಬದಿಗೆ. ಅವನೊಬ್ಬನೇ ಒಳಗೆ ಉಳಿದ. ಕಲ್ಲೊಂದನ್ನೆತ್ತಿ ಒಂದು ಬೆಣೆಗೆ ಹೊಡೆದ. ಇನ್ನೊಂದಕ್ಕೆ ಹೊಡೆದ. ಬಿಂದುಶ್ರೀ ಕಣ್ಣು ಮುಚ್ಚಿಕೊಂಡಳು. ತಪ್ಪು ಮಾಡಿಸಿದೆನೇನೋ ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತು.

ಬೆಣೆ ಉದುರಿದ ಸದ್ದು. ಆಮೇಲೆ ಏನಿಲ್ಲ.

ಕಣ್ಣು ಬಿಟ್ಟರೆ ಅಪ್ಪ ಕಂಬವನ್ನು ಒಂದೇ ಕೈಯಲ್ಲಿ ಹಿಡಿದು ನಿಂತಿದ್ದ. ಎರಡು ಬಂಡೆಗಳೂ ಅವನ ತಲೆಯ ಮೇಲೆ, ಇದ್ದ ಹಾಗೇ ಇದ್ದವು.

"ಕೈಗೇ ಬಂತು," ಎಂದ. ನಂಬಲಾರದವನ ಹಾಗೆ ಕಂಬದ ತುದಿಯನ್ನು ಸವರಿದ. "ಭಾರ ಬಿದ್ದಿದ್ರೆ ಕಂಬ ಕಚ್ಕೊಂಡಿರುತ್ತೆ, ಹೊಡೆದ್ರೆ ಟಣ್ ಅನ್ನುತ್ತೆ. ಇದು ಸುಮ್ನೆ ಬಂತಮ್ಮಾ. ಬಂಡೆ ನನ್ನ ಕಂಬದ ಮೇಲೆ ಒರಗೇ ಇರಲಿಲ್ಲ."

ಅವನು ಅಲ್ಲೇ ಕುಕ್ಕರಿಸಿದ.

"ಅವತ್ತು ಸುಧಾಕರನ್ನ ತೆಗೆದಾಗ ನನ್ನ ಕಂಬ ನೋಡಿದ್ದೆ. ಕಬ್ಬಿನ ಸಿಪ್ಪೆ ಆಗಿತ್ತು ಕಣ್ಣು. ಅಗಿದು ಉಗುಳಿದ ಸಿಪ್ಪೆ. ಸರಿಯಾಗಿ ಹೊಡೀದೇ ಇದ್ದ ಕಂಬ ಪಕ್ಕಕ್ಕೆ ಬೀಳುತ್ತೆ, ಹಂಗೆ ಜಜ್ಜಿಹೋಗಲ್ಲ. ಅದು ಕೊನೇತನಕ ನಿಂತಿತ್ತು. ನಿಂತೇ ಸತ್ತಿತ್ತು." ತಲೆ ಎತ್ತಿ ಬಂಡೆ ನೋಡಿದ. "ಇದು ಯಾಕೆ ನಿಂತಿದೆ ಗೊತ್ತಾ? ಇದರ ಕಾಲಡಿ ಯಾರೂ ತೋಡಿಲ್ಲ. ಅಲ್ಲಿ ತೋಡಿದ್ರು. ಸಾಕು ಅನ್ನದೆ ತೋಡಿದ್ರು. ಆಮೇಲೆ ನನ್ನ ಕಂಬ ಸರಿಯಿಲ್ಲ ಅಂದ್ರು."

ಅಶ್ವತ್ಥಮ್ಮ ಮುಂದೆ ಬಂದು, ಅವನ ಕೈಯಿಂದ ಕಂಬ ತೆಗೆದುಕೊಂಡು ಹೊರಗೆ ಒರಗಿಸಿದಳು. "ಏಳಣ್ಣಾ. ಆ ಮಾತಾಡಿದೋನ ನಾಲಿಗೆ ಸೇದೋಗ್ಲಿ. ನಡಿ, ತುದಿ ನೋಡಾನ." ಹೇಳಿ ಹೊಟ್ಟೆ ಒಳಗೆಳೆದುಕೊಂಡು, ಉಸಿರುಗಟ್ಟಿ ಸಂದು ದಾಟಿದಳು. ಆಚೆ ಹೋದವಳೇ "ಗೆದ್ನಲ್ಲ!" ಎಂದು ಕೂಗಿದ್ದು ಕೆಳಗಿನ ಊರಿಗೂ ಕೇಳಿಸಿರಬೇಕು.

ತುದಿಯಲ್ಲಿ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ನಾಲ್ಕೂ ಕಡೆ ಭೂಮಿ ಬಿಚ್ಚಿಕೊಂಡಿತ್ತು: ಕೆರೆಗಳು, ರಾಗಿ ಹೊಲದ ಪಟ್ಟೆಗಳು, ನೀಲಿಯಾಗುತ್ತಾ ಆಂಧ್ರದ ಕಡೆಗೆ ಕರಗಿಹೋಗುವ ಗುಡ್ಡಗಳ ಸಾಲು. ಇಷ್ಟು ಆಕಾಶ ತಮ್ಮ ಊರಿನ ಮೇಲೂ ಇದೆಯೆಂದು ಬಿಂದುಶ್ರೀ ಅಲ್ಲಿಯವರೆಗೆ ಅಂದುಕೊಂಡಿರಲಿಲ್ಲ. ಗೆಳತಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಹಿಡಿದದ್ದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ವೇಣುಗೋಪಾಲ್ ದೂರದ ಮಬ್ಬಿನಲ್ಲಿ ಏನನ್ನೋ ಹುಡುಕಿ ಬೆರಳು ಮಾಡಿದ. ಬಿಳಿಚಿಕೊಂಡ ಒಂದು ಗೆರೆ. "ಅದೇ ನಮ್ಮ ಸೈನೈಡ್ ಗುಡ್ಡ ಇರಬೇಕು."

"ಅಷ್ಟೇನಾ?" ಎಂದಳು ಶಶಿರೇಖ. "ಹತ್ರ ನಿಂತ್ರ ಎಷ್ಟ್ ದೊಡ್ಡದು ಅದು!"

"ಅದು ದೇವರು ಮಾಡಿದ ಗುಡ್ಡ ಅಲ್ಲಮ್ಮಾ. ಕಲ್ಲು ಪುಡಿ ಮಾಡಿ ಚಿನ್ನ ಹಿಂಡ್ಕೊಂಡ ಮೇಲೆ ಉಳಿದ ಹಿಟ್ಟು. ಅಷ್ಟನ್ನೂ ನಾವು ಕೆಳಗಿಂದ ತಂದಿದ್ದು." ಅವನು ತಾನು ನಿಂತ ಬಂಡೆಯನ್ನು ಅಂಗಾಲಿನಿಂದ ಒತ್ತಿದ. "ಈ ಬೆಟ್ಟ ತಗೊಂಡು ಹೋಗಿ ನಮ್ಮ ಗಣಿಬಾವಿ ಶಾಫ್ಟಿಗೆ ಇಳಿಸಿದ್ರೆ, ಅದರ ಮೇಲೆ ಇನ್ನೊಂದು, ಇನ್ನೊಂದು ಅಂತ ಇಳಿಸ್ತಾ ಹೋದ್ರೂ ಮೇಲಿಂದ ಕಾಣಲ್ಲ. ಅಷ್ಟು ಆಳ. ಅಲ್ಲಿಗೆ ದಿನಾ ಇಳಿದು ಹತ್ತಿದೀವಿ. ನಮ್ಮನ್ನ ನೋಡಿ ಯಾರೂ ಹಿಂಗೆ ಬಾಯಿ ಬಿಟ್ಟಿರಲಿಲ್ಲ."

ಬಿಂದುಶ್ರೀ ಅಪ್ಪನನ್ನು ನೋಡಿದಳು. ಬೆಟ್ಟದ ಎದುರು ಬೆಳಿಗ್ಗೆ ಬಾಯಿಂದ ಮಾತು ಹೋಗಿತ್ತಲ್ಲ, ಈಗಲೂ ಹಾಗೇ ಆಯಿತು. ಸಣಕಲು ಮನುಷ್ಯ. ಗಾಳಿಗೆ ಪಟಪಟಿಸುವ ಅಂಗಿ. ಈ ಬೆಟ್ಟಗಳನ್ನೆಲ್ಲ ನುಂಗುವ ಕತ್ತಲೆಯನ್ನು ಅವನು ಹೆಗಲು ಕೊಟ್ಟು, ಕಂಬ ಕೊಟ್ಟು ಹಿಡಿದಿದ್ದ. ಆ ಕತ್ತಲೆ ಅವಳ ಮನೆಯ ಕೆಳಗೇ ಇತ್ತು.

ಅಶ್ವತ್ಥಮ್ಮ ಬುತ್ತಿ ಬಿಚ್ಚಿದಳು. ಮೊಸರನ್ನ, ಉಪ್ಪಿನಕಾಯಿ, ಅಳಿದುಳಿದ ನಿಪ್ಪಟ್ಟು. ಊಟ ಮುಗಿಯುವ ಹೊತ್ತಿಗೆ ಬಂಡೆ ಕಾದು ಕೂರಲಾಗದಂತಾಯಿತು. ಎಲ್ಲೂ ಒಂದು ಮರವಿಲ್ಲ. ನೆರಳು ಇದ್ದದ್ದು ಆ ಸಂದಿನಲ್ಲಿ ಮಾತ್ರ. ಅದನ್ನು ಅವನ ಮುಂದೆ ಯಾರು ಹೇಳಬೇಕೆಂದು ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ವೇಣುಗೋಪಾಲ್ ಟವೆಲ್ಲು ಕೊಡವಿ ಎದ್ದ. ಇಳಿದು ಸಂದಿನೊಳಗೆ ಹೋದ. ಮೇಲೆ ನೋಡದೆ ಟವೆಲ್ಲು ಹಾಸಿ, ಕಾಲು ಚಾಚಿ ಮಲಗಿದ. ಸ್ವಲ್ಪ ಹೊತ್ತಿಗೇ ಗೊರಕೆ ಕೇಳಿಸಿತು.

ಮೂವರೂ ಸದ್ದಿಲ್ಲದೆ ಬಂದು ಅವನ ಕಾಲ ಬುಡದಲ್ಲಿ ಕೂತರು. ತಲೆಯ ಮೇಲೆ ಎರಡು ಬೆಟ್ಟಗಳು ಹಣೆ ಕೂಡಿಸಿ ನಿಂತಿದ್ದವು. ಕೆಳಗಿನಿಂದ ಟೆಂಪೋದವನು ಹಾರನ್ ಒತ್ತತೊಡಗಿದ, ಬಿಟ್ಟು ಬಿಟ್ಟು, ಬೇಸರದಲ್ಲಿ.

ಶಶಿರೇಖ ಎದ್ದೇಳಲು ಹೋದಳು. ಅಶ್ವತ್ಥಮ್ಮ ಅವಳ ಸೀರೆ ಹಿಡಿದು ಕೂರಿಸಿದಳು.

"ಬಡ್ಕಳ್ಲಿ ಬಿಡಮ್ಮಾ," ಎಂದು ಪಿಸುಗುಟ್ಟಿದಳು. "ಅಣ್ಣ ಮಲಗವ್ನೆ."