ಮೇಣದ ದಾರ

"ತೆಗೀರಿ ಆ ಪ್ಲಾಸ್ಟಿಕ್ ಹಗ್ಗಾನ! ವೆಂಕಟರಮಣಪ್ಪನ್ನ ಇದ್ರಲ್ಲಿ ಕಟ್ಟಿದ್ರೆ ಎದ್ದು ಬಂದು ಬೈತಾನೆ," ಎನ್ನುತ್ತಲೇ ಸೇತುರಾಮ ಚಟ್ಟದ ಗಂಟು ಬಿಚ್ಚಿಹಾಕಿದರು. ಸತ್ತವನ ಜೊತೆ ರಾಜಾಜಿನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವರು. ತಡೆಯುವ ಧೈರ್ಯ ಯಾರಿಗಿತ್ತು? ಜೇಬಿನಿಂದ ಮೇಣ ಹಚ್ಚಿದ ದಾರದ ಉಂಡೆ ತೆಗೆದು, ಗೇಣಿಗೊಂದರಂತೆ ಹನ್ನೊಂದು ಗಂಟು ಹಾಕಿದರು.

ಒಬ್ಬಳೇ ಮಗಳು ಕಲಾವತಿ ಬಗ್ಗಿ ನೋಡಿದಳು. ಅದು ಅಪ್ಪನ ಗಂಟು.

*

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಬ್ಯಾಗಿನ ಪಟ್ಟಿ ಹರಿದಿತ್ತು. ಅಪ್ಪ ಇದೇ ದಾರದಲ್ಲಿ ಕಟ್ಟಿಕೊಟ್ಟಿದ್ದ. ಗೆಳತಿಯರು ನಕ್ಕರು. ಮನೆಗೆ ಬಂದವಳೇ ಅಪ್ಪನ ಎದುರಿಗೇ ಗಂಟಿಗೆ ಕತ್ತರಿ ಹಾಕಿದಳು.

"ಕತ್ತರಿಸಬಾರದು ಕಣಮ್ಮ, ಉಗುರಲ್ಲಿ ಬಿಚ್ಚಬೇಕು. ನಮ್ಮ ಎಕ್ಸ್‌ಚೇಂಜಲ್ಲಿ ತಂತಿಗೆ ಬ್ಲೇಡ್ ತಾಗಿದ್ರೆ ಯಾರದೋ ಮನೆ ಫೋನ್ ಸತ್ತೋಗುತ್ತೆ."

"ದಾರ ಕಟ್ಟೋದೂ ಒಂದ್ ಕೆಲ್ಸಾನಾ?" ಎಂದಿದ್ದಳು.

ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. ನಿನ್ನೆಗೆ ಆ ಅವಕಾಶವೂ ಮುಗಿಯಿತು.

*

"ನಡುದಾರೀಲಿ ಒಂದ್ಸಲ ಇಳಿಸ್ಲೇಬೇಕಲ್ಲ, ಎಕ್ಸ್‌ಚೇಂಜ್ ಮುಂದೇನೇ ಇಳ್ಸಣ," ಎಂದರು ಸೇತುರಾಮ. ವ್ಯಾನಿನಿಂದ ಚಟ್ಟ ಗೇಟಿನ ಬಳಿ ಇಳಿಯಿತು. ವಾಚ್‌ಮನ್ ಟೋಪಿ ತೆಗೆದು ಪಕ್ಕಕ್ಕೆ ಸರಿದ. "ಬಾಮ್ಮ, ಎರಡೇ ನಿಮಿಷ," ಎಂದು ಸೇತುರಾಮ ಅವಳನ್ನು ಒಳಗೆ ಕರೆದೊಯ್ದರು.

ಹಳೇ ಕಟ್ಟಡದ ಹಾಲಿನಲ್ಲಿ ಕಲಾವತಿ ನಿಂತೇಬಿಟ್ಟಳು. ನೆಲದಿಂದ ಸೂರಿನವರೆಗೆ ಕಬ್ಬಿಣದ ಚೌಕಟ್ಟು. ಈ ಗೋಡೆಯಿಂದ ಆ ಗೋಡೆಯವರೆಗೆ ತಂತಿಯ ಕಂತೆಗಳು. ಬೆರಳಗಲಕ್ಕೊಂದು ಮೇಣದ ದಾರದ ಗಂಟು. ಸಾವಿರಗಟ್ಟಲೆ ಗಂಟುಗಳು, ಒಂದೂ ಸೊಟ್ಟಗಿಲ್ಲ.

"ಕಾಲ್ ಜೋಡಿಸೋ, ಟಕಟಕ ಅನ್ನೋ ಹಳೇ ಮಶೀನು ಗುಜರಿಗೆ ಹೋಯ್ತು. ಆಮೇಲೆ ಎಲೆಕ್ಟ್ರಾನಿಕ್ ಬಂತು, ಅದೂ ಹೋಯ್ತು. ಇವು ಮಾತ್ರ ಅಲ್ಲಾಡ್ಲಿಲ್ಲ. ಈ ಸುತ್ತಿನ ಮದುವೆ, ಹೆರಿಗೆ, ಸಾವು, ಎಲ್ಲಾ ಸುದ್ದೀನೂ ಇದರೊಳಗೇ ಓಡಾಡಿದ್ದು."

"ಇದೆಲ್ಲಾ... ಅಪ್ಪಾನೇ?"

"ಈ ಸಾಲು ಪೂರ್ತಿ ಅವನದೇ."

ಇಷ್ಟು ದೊಡ್ಡ ಅಪ್ಪನನ್ನು ಅವಳು ಕಂಡೇ ಇರಲಿಲ್ಲ. ಹೊರಗಿನಿಂದ ಕೂಗು ಬಂದರೂ ಕತ್ತೆತ್ತಿ ನೋಡುತ್ತಲೇ ಇದ್ದಳು.

*

ಚಿತಾಗಾರದ ಕೆಲಸದವನು ಗಂಟಿನ ಜೊತೆ ಗುದ್ದಾಡಿ ಸೋತು ಬ್ಲೇಡ್ ತೆಗೆದ. "ಬೇಗ ಆಗ್ಲಿ, ಹಿಂದೆ ಇನ್ನೆರಡು ಬಾಡಿ ಇದೆ."

"ಕತ್ತರಿಸ್ಬೇಡಿ ಅಣ್ಣಾ," ಎಂದಳು ಕಲಾವತಿ.

ಚಟ್ಟದ ಪಕ್ಕ ಮಂಡಿಯೂರಿ ಮೊದಲ ಗಂಟಿಗೆ ಉಗುರು ಹಾಕಿದಳು. ಹಿಂದಿನ ವ್ಯಾನು ಹಾರ್ನ್ ಹೊಡೆಯಿತು. ಮೂರನೆಯ ಗಂಟಿಗೆ ಉಗುರು ಮುರಿಯಿತು. ಪಕ್ಕದ ಬೆರಳಿನಿಂದ ನಾಲ್ಕನೆಯದಕ್ಕೆ ಕೈ ಹಾಕಿದಳು.