ಒಂದು ನಿಮಿಷದ ಉತ್ತರ

ಪ್ರಯೋಗಾಲಯದ ಅಟೆಂಡರನ್ನು ಶಾಲೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಮಕ್ಕಳಿಗೆಲ್ಲ ಅವನು ಲ್ಯಾಬಣ್ಣ. ಇಪ್ಪತ್ತಾರು ವರ್ಷ ಬೀಕರು ತೊಳೆದ, ಆಸಿಡ್ ಅಳೆದುಕೊಟ್ಟ, ಸುಟ್ಟುಕೊಂಡ ಬೆರಳುಗಳನ್ನು ನಲ್ಲಿಯ ಕೆಳಗೆ ಹಿಡಿದ. ಹೋದ ತಿಂಗಳು ಲ್ಯಾಬಿಗೆ ಹನ್ನೆರಡು ಕಂಪ್ಯೂಟರು ಬಂದವು. ಇನ್ನು ಪ್ರಯೋಗವೆಲ್ಲ ಪರದೆಯ ಮೇಲಂತೆ. ಪರದೆಯೊಳಗಿನ ಬೀಕರು ತೊಳೆಯುವವನು ಯಾರಿಗೆ ಬೇಕು? ಈ ತಿಂಗಳ ಕೊನೆಗೆ ಹುದ್ದೆ ರದ್ದು ಎಂಬ ಕಾಗದ ಕೈಗೆ ಬಂತು. ಓದಿದ, ಮಡಿಸಿದ, ಜೇಬಿಗಿಟ್ಟ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಲ್ಲಾದರೂ ಬಿಸಿಲಿಗೆ ಕಾದೀತು. ಇವನಿಗೆ ಅದೂ ಇಲ್ಲ.

ಮನೆಯಲ್ಲಿ ತುಟಿಪಿಟಕ್ ಎನ್ನಲಿಲ್ಲ. ಹೇಳುವುದಾದರೂ ಹೇಗೆ? ಬೇರೆ ಶಾಲೆಯಲ್ಲಿ ಓದುವ ಮಗಳು ಚರ್ಚಾಸ್ಪರ್ಧೆಗೆಂದು ಹಗಲೆಲ್ಲ ಗೋಡೆಗೆ ಭಾಷಣ ಬಿಗಿಯುತ್ತಿದ್ದಳು. ವಿಜ್ಞಾನ, ವಿದ್ಯುತ್ತು, ವಿದ್ಯೆಯಲ್ಲಿ ನಮ್ಮ ದೇಶ ಮುಂದೆ ಬಂದಿದೆಯೇ ಎಂಬುದು ವಿಷಯ. ಚೀಟಿ ಎತ್ತಿದಾಗ ಅವಳಿಗೆ 'ಬಂದಿದೆ' ಎನ್ನುವ ಪಕ್ಷ ಸಿಕ್ಕಿತ್ತು. ಗೆದ್ದವರಿಗೆ ವಿಜ್ಞಾನ ಕಾಲೇಜಿನಲ್ಲಿ ಶುಲ್ಕವಿಲ್ಲದ ಸೀಟು. ತಪ್ಪಿದರೆ ಅವಳ ಓದು ಅಲ್ಲಿಗೇ ನಿಂತಂತೆ. ಇದು ಅಪ್ಪನಿಗೂ ಗೊತ್ತು, ಮಗಳಿಗೂ ಗೊತ್ತು.

ಸ್ಪರ್ಧೆ ಲ್ಯಾಬಣ್ಣನ ಶಾಲೆಯಲ್ಲೇ ನಡೆಯಿತು. ಗಂಟೆ ಹೊಡೆದು ಹೊತ್ತು ಕಾಯುವ ಕೆಲಸ ಅವನ ಕೊರಳಿಗೇ ಬಿತ್ತು.

"ನನ್ನ ಮಗಳು ಮಾತಾಡ್ತಾಳೆ ಸಾರ್, ಬೇರೆ ಯಾರಿಗಾದ್ರೂ ಹೇಳಿ," ಅಂದ.

"ಗಂಟೆಗೆ ಬಂಧು-ಬಳಗ ಇಲ್ಲ ಕಣಯ್ಯ, ಕೂತ್ಕೋ," ಎಂದರು ಹೆಡ್‌ಮಾಸ್ತರು.

ಮಗಳು ಚೆನ್ನಾಗಿಯೇ ಮಾತಾಡಿದಳು. ಕತ್ತಲಲ್ಲಿದ್ದ ಊರುಗಳಿಗೆ ಬಂದ ದೀಪ, ಬಿಸಿಲಿನಿಂದ ತೆಗೆಯುವ ಕರೆಂಟು, ಪರದೆಯ ಮೇಲಿನ ಲ್ಯಾಬು, ಒಂದನ್ನೂ ಬಿಡಲಿಲ್ಲ. ಆಮೇಲೆ ಎದ್ದ ಎದುರು ಪಕ್ಷದ ಹುಡುಗ ಇದೇ ಶಾಲೆಯವನು, ಲ್ಯಾಬಣ್ಣನೆಂದರೆ ಪ್ರಾಣ ಬಿಡುವವನು. ಲ್ಯಾಬಣ್ಣನ ಮಗಳು ಇವಳೇ ಎಂದು ಪಾಪ ಆ ಹುಡುಗನಿಗೇನು ಗೊತ್ತು?

"ಗಂಟೆ ಹಿಡ್ಕೊಂಡು ಕೂತಿರೋ ನಮ್ಮ ಲ್ಯಾಬಣ್ಣನ್ನ ನೋಡಿ," ಎಂದ. "ಆ ಪರದೆ ಬಂತು, ಇವರ ಕೆಲಸ ಹೋಯ್ತು. ಮುಂದಿನ ತಿಂಗಳಿಂದ ಇವರು ಮನೇಲಿ. ಇದನ್ನ ಪ್ರಗತಿ ಅಂತೀರಾ?"

ಸಭೆಯೆಲ್ಲ ತಿರುಗಿ ನೋಡಿತು. ಮಗಳೂ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

ಉತ್ತರ ಕೊಡಲು ಅವಳಿಗಿದ್ದದ್ದು ಒಂದು ನಿಮಿಷ. ಮೈಕಿನ ಮುಂದೆ ನಿಂತಳು; ಬಾಯಿಂದ ಒಂದಕ್ಷರ ಹೊರಡಲಿಲ್ಲ. ಲ್ಯಾಬಣ್ಣ ಗಡಿಯಾರ ನೋಡಿದ. ಹತ್ತು ಸೆಕೆಂಡು. ಇಪ್ಪತ್ತು. ನಲವತ್ತು. ಹೊತ್ತು ಕಾಯುವವನು ಬಾಯಿ ಬಿಡಬಾರದೆಂಬುದು ನಿಯಮ. ನಿಯಮದ ಮನೆ ಹಾಳಾಗ!

"ಇನ್ನೂ ಇಪ್ಪತ್ತು ಸೆಕೆಂಡಿದೆ," ಎಂದ. "ಹೇಳಮ್ಮ."

ಅವಳು ಹೇಳಿದಳು. "ಒಬ್ಬರ ಕೆಲಸ ಹೋಯ್ತು ಅಂತ ದೇಶ ನಿಂತ್ಕೊಳೋಕಾಗಲ್ಲ. ಅವರೊಬ್ಬರಿಗೋಸ್ಕರ ಸಾವಿರ ಮಕ್ಕಳು ಕಾಯೋಕಾಗಲ್ಲ."

ಚಪ್ಪಾಳೆಯೋ ಚಪ್ಪಾಳೆ. ಅವನು ಸರಿಯಾದ ಸೆಕೆಂಡಿಗೆ ಗಂಟೆ ಹೊಡೆದ.

ಸೀಟು ಅವಳಿಗೇ ಸಿಕ್ಕಿತು. ಎಲ್ಲರೂ ಹೋದ ಮೇಲೆ ಲ್ಯಾಬಣ್ಣ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನೋವಾಗಬೇಕಿತ್ತಲ್ಲ ಎಂದು ಎದೆಯೊಳಗೆ ಹುಡುಕಿದ, ಸಂತೋಷವನ್ನೂ ಹುಡುಕಿದ. ಎರಡೂ ಸಿಗಲಿಲ್ಲ. ಮಗಳು ಬಂದು ತೋಳು ಹಿಡಿದಳು. ಕಣ್ಣು ಕೆಂಪಾಗಿದ್ದವು.

"ಅಪ್ಪಾ, ನನ್ನ ಬೈಯಪ್ಪ. ಎರಡೇಟು ಹೊಡಿ ಬೇಕಾದ್ರೆ."

"ಯಾಕಮ್ಮ?" ಎಂದ ಅವನು, ಇನ್ನೊಂದು ಕುರ್ಚಿ ಎತ್ತುತ್ತ. "ಟೈಮೊಳಗೇ ಮುಗಿಸಿದೆಯಲ್ಲ."